ಸಮುದ್ರಮಟ್ಟದಿಂದ ಎಣಿಸಿದ ಸಾಹಸ

ತುಮಕೂರಿನ ನಮ್ಮ ಚಾರಣ ಸಂಘದ ವಾರ್ಷಿಕ ವರದಿ ಸದಸ್ಯರ ಕೈಸೇರಿದೆ. 16 ಪುಟಗಳ ಈ ಪುಸ್ತಿಕೆಯ ಮೊದಲ 9 ಪುಟಗಳನ್ನು ಪದಾಧಿಕಾರಿಗಳ ಭಾವಚಿತ್ರಗಳೂ ಗಣ್ಯರ ಶುಭ ಸಂದೇಶಗಳೂ, ನಂತರದ 4 ಪುಟಗಳನ್ನು ಜಾಹೀರಾತುಗಳೂ ಆಕ್ರಮಿಸಿರುವುದರಿಂದ ಬೆಟ್ಟಗಳು ಉಳಿದ 3 ಪುಟಗಳಲ್ಲಿ ಹೊಂದಿಕೊಂಡು ನಿಂತಿವೆ. ಈ ಸಾಲಿನಲ್ಲಿ ಸಂಘವು ಒಟ್ಟು 47,280 ಅಡಿ ಎತ್ತರವನ್ನು ಏರಿದ್ದು, ಇದು ಎವರೆಸ್ಟಿನ ಒಂದೂವರೆ ಪಟ್ಟಿಗೂ ಹೆಚ್ಚೆಂದು ಕಾರ್ಯದರ್ಶಿಗಳು ಅದರಲ್ಲಿ ನಮ್ರತೆಯಿಂದ ನಮೂದಿಸಿದ್ದಾರೆ.

ಲೆಕ್ಕ ಸರಳವಾಗಿದೆ. ದೇವರಾಯನದುರ್ಗ ಸಮುದ್ರಮಟ್ಟದಿಂದ 3,940 ಅಡಿ ಎತ್ತರದಲ್ಲಿದೆ. ಸಂಘ ಅಲ್ಲಿಗೆ 12 ಸಲ ಹೋಗಿಬಂದಿದೆ. ತುಮಕೂರು ನಗರವೇ ಸುಮಾರು 2,700 ಅಡಿ ಎತ್ತರದಲ್ಲಿದೆ ಎಂಬುದನ್ನಾಗಲಿ, ದುರ್ಗದ ಮೇಲಕ್ಕೆ ವ್ಯಾನು ಹೋಗುವುದರಿಂದ ಚಾರಣಿಗರ ಕಾಲಿಗೆ ಉಳಿಯುವುದು ಯೋಗನರಸಿಂಹಸ್ವಾಮಿಯ ಗುಡಿಯ ಮೆಟ್ಟಿಲುಗಳಷ್ಟೇ ಎಂಬುದನ್ನಾಗಲಿ ವರದಿಯು ಪ್ರಸ್ತಾಪಿಸಿಲ್ಲ. ಈ ಲೆಕ್ಕದ ಪ್ರಕಾರ ನಮ್ಮ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ಸುಲಿಯುತ್ತಿರುವವನೂ 2,700 ಅಡಿ ಏರಿದ ಸಾಹಸಿಯೇ. ಚಂದಾ ಕಟ್ಟಿಲ್ಲವಾದ್ದರಿಂದ ಪಾಪ, ಅವನ ಹೆಸರು ಅಚ್ಚಾಗಿಲ್ಲ.

ಹಾಗಾದರೆ ಮಧುಗಿರಿ ಏನಾಯಿತೆಂದು ಸರ್ವಸದಸ್ಯರ ಸಭೆಯಲ್ಲಿ ಅನನುಭವಿ ಯುವಕನೊಬ್ಬ ಕೇಳಿದ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಮಧುಗಿರಿಗೆ ಅರ್ಧ ಮಾತ್ರ ಅನ್ವಯಿಸುತ್ತದೆ: ಆ ಏಕಶಿಲೆ ಹತ್ತಿರ ಹೋದರೂ ನುಣ್ಣಗೇ ಇರುತ್ತದೆ, ತೊಂದರೆ ಇರುವುದೇ ಅಲ್ಲಿ. ಕೋಟೆಯ ಬಾಗಿಲುಗಳನ್ನು ದಾಟಿದ ಮೇಲೆ ಬಂಡೆಯಲ್ಲಿ ಕೊರೆದ ಕಿರಿದಾದ ಮೆಟ್ಟಿಲುಗಳಲ್ಲಿ ಪಾದವಿಟ್ಟು, ಕಂಬಿಯಿರುವಲ್ಲಿ ಕಂಬಿಯನ್ನೂ ಇಲ್ಲದಿರುವಲ್ಲಿ ದೇವರನ್ನೂ ಹಿಡಿದುಕೊಂಡು ಏರಬೇಕಾದ ಆ ಬೆಟ್ಟದ ಎತ್ತರ 3,930 ಅಡಿ. ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು, ದೇವರಾಯನದುರ್ಗಕ್ಕಿಂತ ಅದು 10 ಅಡಿ ಕಡಿಮೆಯಿದೆಯೆಂದೂ ಸಂಘದ ಮಟ್ಟವನ್ನು ಅಷ್ಟು ಕೆಳಗಿಳಿಸಲು ತಾವು ಸಿದ್ಧರಿಲ್ಲವೆಂದೂ ತಿಳಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ಯುವಕನನ್ನು ಉಪಾಹಾರ ಸಮಿತಿಗೆ ಸೇರಿಸಿಕೊಳ್ಳಲಾಯಿತು.

ವರ್ಷದ ಪ್ರಮುಖ ಚಟುವಟಿಕೆಯೆಂದರೆ ಮೇ 29ರ ಎವರೆಸ್ಟ್ ದಿನಾಚರಣೆ. 1953ರಲ್ಲಿ ಅಂದು ತೇನ್‌ಸಿಂಗ್ ಮತ್ತು ಹಿಲರಿ ಶಿಖರವನ್ನು ತಲುಪಿದರು. ನಮ್ಮ ಮುಖ್ಯ ಅತಿಥಿಗಳು ಒಂದೂಮುಕ್ಕಾಲು ಗಂಟೆ ತಡವಾಗಿ ವೇದಿಕೆಯನ್ನು ತಲುಪಿದರು. ವೇದಿಕೆಗೆ ಐದು ಮೆಟ್ಟಿಲುಗಳಿದ್ದವು. ಸಂಘದ ಇಡೀ ಇತಿಹಾಸದಲ್ಲಿ ಯಾವ ಇಳಿಜಾರಿನ ಮೇಲೂ ಅಂಥ ನೂಕುನುಗ್ಗಲು ಆಗಿರಲಿಲ್ಲ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲವನ್ನೂ ಹೊತ್ತು ನಿಂತ ಹಿರಿಯ ಸದಸ್ಯರೊಬ್ಬರನ್ನು ಕಂಡಾಗ ಶೆರ್ಪಾಗಳ ಕಷ್ಟ ಸ್ವಲ್ಪ ಅರ್ಥವಾಯಿತು. ಹಿನ್ನೆಲೆಯ ಫ್ಲೆಕ್ಸಿನಲ್ಲಿ ಪ್ರಾಯೋಜಕರ ಮುಖ ಶಿಖರದಷ್ಟಿತ್ತು, ಆ ಮುಖದ ಕಿವಿಯ ಪಕ್ಕ ತೇನ್‌ಸಿಂಗ್ ಸಣ್ಣದಾಗಿ ನಿಂತಿದ್ದರು.

ಉಪನ್ಯಾಸಕರು ಮಾತಿನ ನಡುವೆ ಒಂದು ಸಂಗತಿಯನ್ನು ಹೇಳಿಬಿಟ್ಟರು. ಶಿಖರದ ಮೇಲೆ ಹಿಲರಿ ತೇನ್‌ಸಿಂಗರ ಚಿತ್ರ ತೆಗೆದರೇ ಹೊರತು, ಅಲ್ಲಿ ಹಿಲರಿಯ ಒಂದು ಚಿತ್ರವೂ ಇಲ್ಲವಂತೆ. ಸಭೆ ಸ್ತಬ್ಧವಾಯಿತು. ಅಷ್ಟು ದೂರ ಹೋಗಿ ಒಂದು ಫೋಟೊ ಕೂಡ ಇಲ್ಲದೆ ಬಂದ ಮನುಷ್ಯನ ದುರದೃಷ್ಟಕ್ಕೆ ಮುಂದಿನ ಸಾಲಿನ ಮಹಿಳೆಯೊಬ್ಬರು ಲೊಚಗುಟ್ಟಿದರು. ನಮ್ಮ ಸಂಘದಲ್ಲಿ ಹೀಗೆ ಆಗುವ ಸಂಭವವಿಲ್ಲ. ದುರ್ಗದ ತಪ್ಪಲಿನ ನಾಮದ ಚಿಲುಮೆಯಲ್ಲಿ ಪುಳಿಯೋಗರೆ ತಿನ್ನುವಾಗ ತೆಗೆದ ಚಿತ್ರಗಳೇ ವಾಟ್ಸ್ಆ್ಯಪ್ ಗುಂಪಿನಲ್ಲಿ ನಾಲ್ಕು ದಿನ ಬಂದವು.

ಕೊನೆಯಲ್ಲಿ ವರ್ಷದ ಅತ್ಯುತ್ತಮ ಚಾರಣಿಗನ ಆಯ್ಕೆ ನಡೆಯಿತು. ಸಂಘದ ನಿಯಮದಂತೆ ಅತಿ ಹೆಚ್ಚು ಅಡಿ ಏರಿದವರಿಗೆ ಪ್ರಶಸ್ತಿ. ಖಜಾಂಚಿಗಳು ಪ್ರಾಮಾಣಿಕವಾಗಿ ಕೂಡಿ ನೋಡಿದಾಗ, ನಮ್ಮ 12 ಪ್ರವಾಸಗಳಲ್ಲದೆ ಬೇರೆ ಬಾಡಿಗೆಗಳಿಗೂ ದುರ್ಗ ಹತ್ತಿರುವ ವ್ಯಾನಿನ ಚಾಲಕ ಎಲ್ಲರಿಗಿಂತ ಬಹಳ ಮೇಲಿದ್ದ. ಸ್ವಲ್ಪ ಗುಸುಗುಸು ನಡೆದು, ಅಧ್ಯಕ್ಷರಿಗೇ ಪ್ರಶಸ್ತಿ ಕೊಡುವುದೆಂದೂ ಚಾಲಕನನ್ನು ವೇದಿಕೆಗೆ ಕರೆದು ಒಂದು ಗುಲಾಬಿ ಹೂ ಕೊಡುವುದೆಂದೂ ತೀರ್ಮಾನವಾಯಿತು. ಹೆಸರು ಮೂರು ಸಲ ಕೂಗಿದರೂ ಅವನು ಬರಲಿಲ್ಲ. ಮದುವೆ ಪಾರ್ಟಿಯೊಂದನ್ನು ಹತ್ತಿಸಿಕೊಂಡು ಅವನು ಆಗಲೇ ದುರ್ಗದ ಕಡೆ ಹೊರಟಿದ್ದ.