ಅರ್ಧ ಶ್ರುತಿ ಇಳಿಸಿಕೊಡಿ

ಬ್ರಾಸ್ ಬ್ಯಾಂಡಿಗೆ, ಅಂದರೆ ಹಿತ್ತಾಳೆ ವಾದ್ಯಗಳ ತಂಡಕ್ಕೆ, ಸಂಗೀತ ಹೊಂದಿಸಿ ಬರೆದುಕೊಡುವವನ ಕಿವಿಗೆ ಬೀಳುವ ಮಾತುಗಳಲ್ಲೆಲ್ಲ ಅತ್ಯಂತ ಅಪಾಯಕಾರಿಯಾದದ್ದು "ಇನ್ನೊಂದೇ ಒಂದು ಸಣ್ಣ ಬದಲಾವಣೆ" ಎಂಬುದು. ಮೊನ್ನೆ ಗುರುವಾರ ರಿಹರ್ಸಲ್ ಮುಗಿದು, ಎಲ್ಲರೂ ತಮ್ಮ ತಮ್ಮ ವಾದ್ಯದೊಳಗಿನ ನೀರನ್ನು ನೆಲಕ್ಕೆ ಬಸಿದು ಪೆಟ್ಟಿಗೆ ಮುಚ್ಚುತ್ತಿದ್ದ ಹೊತ್ತಿಗೆ, ಯೂಫೋನಿಯಂ ಎಂಬ ದಪ್ಪ ದನಿಯ ಕಹಳೆ ನುಡಿಸುವ ನಮ್ಮ ಮಹಾಶಯರು ಹತ್ತಿರ ಬಂದು, "ಎಲ್ಲವೂ ಚೆನ್ನಾಗಿದೆ, ಇನ್ನೊಂದು ಅರ್ಧ ಶ್ರುತಿ ಇಳಿಸಿಕೊಟ್ಟರೆ ಸಾಕು" ಎಂದರು. ಫ್ಯಾನನ್ನು ಮೂರರಿಂದ ಎರಡಕ್ಕೆ ತಿರುಗಿಸಲು ಹೇಳುವಂತಿತ್ತು ಅವರ ಧಾಟಿ.

ನಾನಿರುವುದು ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಷೈರಿನಲ್ಲಿ. ಉಣ್ಣೆಯ ಗಿರಣಿಗಳು ಮುಚ್ಚಿ ದಶಕಗಳೇ ಕಳೆದರೂ ಬ್ಯಾಂಡುಗಳು ಮಾತ್ರ ಮುಚ್ಚದೆ ಉಳಿದಿರುವ ಸೀಮೆ ಇದು. ಹಗಲೆಲ್ಲ ಹೊಟ್ಟೆಪಾಡಿನ ನೌಕರಿ. ರಾತ್ರಿ ಊರಿನ ಹವ್ಯಾಸಿ ಬ್ಯಾಂಡಿಗಾಗಿ ಆಪೆರಾದ ಹಾಡುಗಳನ್ನೂ ಐರ್ಲೆಂಡಿನ ಜನಪದ ಧಾಟಿಗಳನ್ನೂ ಹೊಂದಿಸುವ ಕೆಲಸ. ಎರಡನೆಯದಕ್ಕೆ ಸಂಬಳವಿಲ್ಲ, ಚಹಾ ಮತ್ತು ಬಿಸ್ಕತ್ತು ಉಂಟು. ಬ್ಯಾಂಡಿನ ಲೆಕ್ಕ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಒಂದು ಸೊಪ್ರಾನೊ ಕಾರ್ನೆಟ್, ಒಂಬತ್ತು ಮಾಮೂಲಿ ಕಾರ್ನೆಟ್, ಒಂದು ಫ್ಲೂಗಲ್‌ಹಾರ್ನ್, ಮೂರು ಟೆನರ್ ಹಾರ್ನ್, ಎರಡು ಬ್ಯಾರಿಟೋನ್, ಎರಡು ಯೂಫೋನಿಯಂ, ಮೂರು ಟ್ರೊಂಬೋನ್, ನಾಲ್ಕು ಬೇಸ್, ಹಿಂದೆ ಡ್ರಮ್ಮಿನವರು. ಪಿಟೀಲಿಲ್ಲ, ಕೊಳಲಿಲ್ಲ, ಹಾಡುವವರಂತೂ ಇಲ್ಲವೇ ಇಲ್ಲ. ಕಾನ್ಸರ್ಟ್ ಬ್ಯಾಂಡಿಗೆ ಬರೆಯುವವರು ಪುಣ್ಯವಂತರು. ಅವರಿಗೆ ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗಳ ಭಾಗ್ಯವಿದೆ. ಇಟಲಿಯ ಡೊನಿಝೆಟ್ಟಿ ಆಪೆರಾವೊಂದಕ್ಕೆ 1832ರಲ್ಲಿ ಬರೆದ 'ಉನಾ ಫುರ್ತಿವಾ ಲಾಗ್ರಿಮಾ' ಹಾಡು ಬಸೂನ್ ಎಂಬ ಮರದ ಊದುವಾದ್ಯದ ಏಕಾಂಗಿ ಅಳಲಿನಿಂದ ಆರಂಭವಾಗುತ್ತದೆ. ಕಾನ್ಸರ್ಟ್ ಬ್ಯಾಂಡಿನಲ್ಲಿ ಬಸೂನಿನವರು ಇಲ್ಲದಿದ್ದರೂ ಅವರ ಖಾಲಿ ಕುರ್ಚಿಯಾದರೂ ಇರುತ್ತದೆ. ನಮ್ಮಲ್ಲಿ ಕುರ್ಚಿಯೂ ಇಲ್ಲದ ಕಾರಣ ಆ ಅಳುವೂ ಯೂಫೋನಿಯಂ ಪಾಲಾಗುತ್ತದೆ, ಅದರ ಬೆನ್ನಿಗೇ ಬರುವ ನಾಯಕನ ಹಾಡೂ ಯೂಫೋನಿಯಂ ಪಾಲಾಗುತ್ತದೆ. ಬ್ರಾಸ್ ಬ್ಯಾಂಡಿನಲ್ಲಿ ಪ್ರೇಮಿಸುವುದಕ್ಕೂ ವಿರಹದಿಂದ ಬೇಯುವುದಕ್ಕೂ ಸಾಯುವುದಕ್ಕೂ ಯೂಫೋನಿಯಂ ಒಂದೇ ಗತಿ. ಹೀಗಿರುವಾಗ ಅದನ್ನು ನುಡಿಸುವವರ ತಲೆ ತಿರುಗದಿದ್ದರೆ ಆಶ್ಚರ್ಯಪಡಬೇಕು.

ಈ ಬಾರಿಯ ವಿವಾದ ಇಟಲಿಯ ಪುಚ್ಚಿನಿಯ 'ತುರಾಂದೋತ್' ಆಪೆರಾದ ಹಾಡು 'ನೆಸ್ಸುನ್ ದೋರ್ಮಾ'ದ್ದು. ಮೂಲದಲ್ಲಿ ಅದು ಜಿ ಮೇಜರ್ ಶ್ರುತಿಯಲ್ಲಿ ಹೊರಟು ಡಿ ಮೇಜರಿನಲ್ಲಿ ಮುಗಿಯುತ್ತದೆ. ಅದನ್ನು ಹಾಗೆಯೇ ಇಟ್ಟರೆ ಕೊನೆಯ ಭಾಗದಲ್ಲಿ ಕಾರ್ನೆಟ್‌ಗಳ ಹಾಳೆಯ ಮೇಲೆ ನಾಲ್ಕು ಷಾರ್ಪ್ (ಸ್ವರವನ್ನು ಅರ್ಧ ಶ್ರುತಿ ಏರಿಸುವ ಗುರುತು), ಟೆನರ್ ಹಾರ್ನ್‌ಗಳ ಹಾಳೆಯ ಮೇಲೆ ಐದು ಷಾರ್ಪ್ ಬಂದು ಕೂರುತ್ತವೆ. ಬ್ಯಾಂಡಿನವರ ಬೆರಳುಗಳು ಫ್ಲ್ಯಾಟ್‌ಗಳಲ್ಲಿ (ಅರ್ಧ ಶ್ರುತಿ ಇಳಿಸುವ ಗುರುತುಗಳಲ್ಲಿ) ಹುಟ್ಟಿ ಬೆಳೆದವು; ಐದು ಷಾರ್ಪ್ ಕಂಡರೆ ಮೂರನೇ ಹಾರ್ನಿನಾಕೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನ ಕಡೆ ನೋಡುತ್ತಾರೆ. ಆದ್ದರಿಂದ ನಾನು ಆರಂಭದಲ್ಲಿಯೇ ಇಡೀ ಹಾಡನ್ನು ಅರ್ಧ ಶ್ರುತಿ ಇಳಿಸಿದ್ದೆ. ಕಾರ್ನೆಟ್‌ಗಳಿಗೆ ಮೂರು ಫ್ಲ್ಯಾಟ್, ಹಾರ್ನ್‌ಗಳಿಗೆ ಎರಡು. ಯೂಫೋನಿಯಂನ ತುತ್ತತುದಿಯ ಸ್ವರ ಹಾಳೆಯ ಮೇಲೆ ಸಿ ಆಗಿ ಕೈಗೆಟಕುವಂತೆ ನಿಂತಿತು. ಎಲ್ಲರೂ ಸುಖವಾಗಿದ್ದರು. ಈಗ ಮತ್ತೊಂದು ಅರ್ಧ ಇಳಿದರೆ ಕಾರ್ನೆಟ್‌ಗಳಿಗೆ ಎರಡು, ಹಾರ್ನ್‌ಗಳಿಗೆ ಮೂರು ಷಾರ್ಪ್ ಮರಳಿ ಬರುತ್ತವೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ಆಮೇಲೆ ಬೇಸ್‌ಗಳು ಪಾತಾಳಕ್ಕಿಳಿದದ್ದನ್ನು ಮೇಲೆತ್ತಬೇಕು, ಸೊಪ್ರಾನೊ ಕಾರ್ನೆಟ್‌ನ ಹೊಳಪು ಮಾಸಿದ್ದನ್ನು ಸರಿಪಡಿಸಬೇಕು, ಪುಟ ತಿರುಗಿಸುವ ಜಾಗ ಸರಿಯಾಗಿ ಯಾರಿಗೂ ಬಿಡುವಿಲ್ಲದ ತಾಳಾವರ್ತದಲ್ಲಿ ಬಂದು ಬಿದ್ದದ್ದನ್ನು ಹಿಂದೆಮುಂದೆ ಮಾಡಬೇಕು, ಕೊನೆಗೆ ಎಲ್ಲರ ಪಾರ್ಟುಗಳನ್ನೂ ಮುದ್ರಿಸಿ, ಹಳೆಯವನ್ನು ಕಸಿದುಕೊಂಡು, ಹೊಸದನ್ನು ಹಂಚಿ, ಹಳೆಯದನ್ನೇ ಬಚ್ಚಿಟ್ಟುಕೊಂಡು ನುಡಿಸುವ ಒಬ್ಬರನ್ನು ಕಿವಿಯಿಂದಲೇ ಪತ್ತೆಹಚ್ಚಬೇಕು.

ಇಷ್ಟೆಲ್ಲ ಏತಕ್ಕೆಂದು ಕೇಳಿದೆ. ತುದಿಯ ಸ್ವರ ಅವರಿಗೆ ನಿಲುಕುತ್ತಿಲ್ಲವೇ? ಚೆನ್ನಾಗಿ ನಿಲುಕುತ್ತದೆಯಂತೆ. ಇನ್ನೂ ಅರ್ಧ ಇಳಿಸಿದರೆ ಅದನ್ನು ಇನ್ನಷ್ಟು ಹೊತ್ತು ಹಿಡಿಯಬಹುದಂತೆ.

ಈ ಹಿಡಿಯುವ ಚಟದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. 'ಗೆಲ್ಲುತ್ತೇನೆ' ಎಂದು ರಾಜಕುಮಾರ ಘೋಷಿಸುವ ಆ ಕೊನೆಯ ಪದದಲ್ಲಿ ಮೇಲಿನ ಸ್ವರಕ್ಕೆ ಪುಚ್ಚಿನಿ ತಮ್ಮ ಸ್ಕೋರಿನಲ್ಲಿ ಕೊಟ್ಟಿರುವುದು ಕೇವಲ ಹದಿನಾರನೇ ಒಂದು ಪಾಲಿನ ಅವಧಿ. ಮುಟ್ಟಿ ಇಳಿಯಬೇಕು, ಅಷ್ಟೆ. ದೀರ್ಘವಾಗಿ ನಿಲ್ಲಬೇಕಾದದ್ದು ಅದರ ನಂತರದ ಸ್ವರ. ಪುಚ್ಚಿನಿ 1924ರಲ್ಲಿ ತೀರಿಕೊಂಡರು, ಅಪೂರ್ಣವಾಗಿ ಉಳಿದಿದ್ದ 'ತುರಾಂದೋತ್' ಆಪೆರಾವನ್ನು ಫ್ರಾಂಕೊ ಅಲ್ಫಾನೊ ಮುಗಿಸಿಕೊಟ್ಟು 1926ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಅದು ರಂಗವೇರಿತು. ಹೀಗಾಗಿ ಈ ವಿಷಯದಲ್ಲಿ ಪುಚ್ಚಿನಿಯವರನ್ನೇ ಕೇಳಿ ಇತ್ಯರ್ಥ ಮಾಡಿಕೊಳ್ಳುವ ದಾರಿ ಬಹಳ ಹಿಂದೆಯೇ ಮುಚ್ಚಿಹೋಯಿತು. 1990ರ ವಿಶ್ವಕಪ್ ಫುಟ್‌ಬಾಲ್ ಪ್ರಸಾರದ ಜೊತೆ ಈ ಹಾಡು ಹಾಡಿದ ಪವರೊಟ್ಟಿಯ ಧ್ವನಿ ಇಂಗ್ಲೆಂಡಿನ ಮನೆಮನೆಗೂ ಹೊಕ್ಕ ಮೇಲಂತೂ ಆ ಸ್ವರವನ್ನು ಮುಟ್ಟಿ ಇಳಿದರೆ ಜನ ದುಡ್ಡು ವಾಪಸು ಕೇಳುವ ಪರಿಸ್ಥಿತಿ ಇದೆ. ಅದನ್ನು ಒಪ್ಪಿಕೊಂಡೇ ನಾನೂ ಅಲ್ಲಿ ತಂಗುವ ಗುರುತು ಹಾಕಿದ್ದೇನೆ. ಆದರೆ ತಂಗುವುದು ಬೇರೆ, ಠಿಕಾಣಿ ಹೂಡುವುದು ಬೇರೆ. ನಮ್ಮ ಮಹಾಶಯರು ಆ ಸ್ವರಕ್ಕೆ ಏರಿದರೆಂದರೆ ಮೊದಲು ಕಣ್ಣು ಮುಚ್ಚುತ್ತಾರೆ. ಕಣ್ಣು ಮುಚ್ಚಿದ ಮೇಲೆ ಬ್ಯಾಂಡನ್ನು ನಡೆಸುವ ಕಂಡಕ್ಟರರ ಕೋಲು ಅವರ ಪಾಲಿಗೆ ಇಲ್ಲ. ಕಂಡಕ್ಟರರ ತೋಳು ಮೇಲೆತ್ತಿದಂತೆಯೇ ಇರುತ್ತದೆ. ಸ್ವಲ್ಪ ಹೊತ್ತಿನಲ್ಲಿ ನಡುಗಲು ಆರಂಭಿಸುತ್ತದೆ. ನಡುಕವನ್ನು ಸನ್ನೆಯೆಂದು ತಿಳಿದು ಡ್ರಮ್ಮಿನವನು ಒಂದು ಸಲ ಸಿಂಬಲ್ ಹೊಡೆದೂ ಬಿಟ್ಟಿದ್ದಾನೆ. ಕೆಳಗೆ ಆಧಾರ ಶ್ರುತಿ ಹಿಡಿದ ನಾಲ್ವರು ಬೇಸಿನವರು ಮುಖ ಕೆಂಪೇರಿ, ಒಬ್ಬರಾದ ಮೇಲೊಬ್ಬರಂತೆ ಕಳ್ಳತನದಿಂದ ಉಸಿರೆಳೆದುಕೊಂಡು ಬದುಕುತ್ತಾರೆ.

ಹೋದ ಬೇಸಿಗೆಯಲ್ಲಿ ಪಾರ್ಕಿನ ಮಂಟಪದಲ್ಲಿ ನಡೆದ ಕಛೇರಿಯಲ್ಲಿ ಅವರು ಹೀಗೆ ಶಿಖರವೇರಿ ಕಣ್ಣು ಮುಚ್ಚಿದ ಕ್ಷಣದಲ್ಲಿಯೇ ಐಸ್‌ಕ್ರೀಮ್ ಗಾಡಿಯೊಂದು ಗೇಟಿನೊಳಗೆ ಬಂದು 'ಓ ಸೋಲೆ ಮಿಯೊ' ಬಾರಿಸತೊಡಗಿತು. ಇಂಗ್ಲೆಂಡಿನಲ್ಲಿ ಐಸ್‌ಕ್ರೀಮ್ ಗಾಡಿಗಳಿಗೆ ನಿಯಮಾವಳಿ ಇದೆ: ಒಂದು ಸಲಕ್ಕೆ 12 ಸೆಕೆಂಡಿಗಿಂತ ಹೆಚ್ಚು ಸಂಗೀತ ನುಡಿಸಬಾರದು. ಗಾಡಿಯವನು ನಿಯಮಕ್ಕೆ ತಲೆಬಾಗಿ ಆರಂಭಿಸಿದ, ನುಡಿಸಿದ, ನಿಲ್ಲಿಸಿದ. ಯೂಫೋನಿಯಂ ಇನ್ನೂ ಅದೇ ಸ್ವರದಲ್ಲಿತ್ತು. ಮೊದಲ ಸಾಲಿನ ಮಕ್ಕಳೆಲ್ಲ ಎದ್ದು ಓಡಿದರು, ಮಕ್ಕಳ ಹಿಂದೆ ತಾಯಂದಿರು, ಅವರ ಹಿಂದೆ ಚೀಲ ಹಿಡಿದ ಅಜ್ಜಂದಿರು. ಮಹಾಶಯರು ಕಣ್ಣು ತೆರೆದಾಗ ಎದುರಿಗೆ ಮಡಚುವ ಕುರ್ಚಿಗಳು ಮಾತ್ರ ಇದ್ದವು. ಗಾಡಿಯವರಿಗೆ ನಿಯಮ ಮಾಡಿದ ಸರಕಾರ ಯೂಫೋನಿಯಂ ನುಡಿಸುವವರನ್ನು ಏಕೆ ಮರೆಯಿತು ಎಂದು ನಾನು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ. ಅವರೋ, ಆ ದಿನ ಜನರನ್ನು ಹಿಡಿದಿಡಲು ಸ್ವರದ ಉದ್ದ ಸಾಲಲಿಲ್ಲ ಎಂಬ ತೀರ್ಮಾನಕ್ಕೆ ಬಂದಂತಿದೆ.

ಇಷ್ಟು ಬೈದರೂ ಈ ಕೆಲಸ ಬಿಡಲಾಗುವುದಿಲ್ಲ. 1853ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ಉದ್ಯಾನದಲ್ಲಿ ಬ್ಯಾಂಡ್ ಸ್ಪರ್ಧೆಗಳು ಆರಂಭವಾದ ಕಾಲದಲ್ಲಿ ಸ್ಪರ್ಧಿಗಳು ನುಡಿಸುತ್ತಿದ್ದುದು ಹೆಚ್ಚಾಗಿ ಆಪೆರಾದ ಆಯ್ದ ಭಾಗಗಳನ್ನೇ. ರಾಷ್ಟ್ರೀಯ ಸ್ಪರ್ಧೆಗೆಂದು ಬ್ರಾಸ್ ಬ್ಯಾಂಡಿಗೇ ಹೊಸದಾಗಿ ಕೃತಿ ರಚನೆಯಾದದ್ದು 1913ರಲ್ಲಿ, ಪರ್ಸಿ ಫ್ಲೆಚರ್ ಬರೆದ 'ಲೇಬರ್ ಅಂಡ್ ಲವ್'. ಅಂದರೆ ಆಪೆರಾ ಮಂದಿರದ ಮೆಟ್ಟಿಲನ್ನೂ ತುಳಿಯದ ಗಿರಣಿ ಕಾರ್ಮಿಕರು ಇಟಲಿಯ ಆಪೆರಾಕಾರ ವರ್ದಿಯ ಸಂಗೀತವನ್ನು ಮೊದಲು ಕೇಳಿದ್ದು ತಮ್ಮ ಪಕ್ಕದ ಮಗ್ಗದವನ ಕಾರ್ನೆಟ್ಟಿನಿಂದ. ಬಾಲ್ಯದಲ್ಲಿ ದಸರೆಗೆ ಮೈಸೂರಿಗೆ ಹೋದಾಗ ಅರಮನೆಯ ಮುಂದೆ ಪೊಲೀಸ್ ಬ್ಯಾಂಡಿನವರು ನುಡಿಸಿದ ಪಾಶ್ಚಾತ್ಯ ಧಾಟಿಯೊಂದರ ಹೆಸರು ನನಗೆ ಇಂದಿಗೂ ತಿಳಿಯದು. ಅಪ್ಪನನ್ನು ಕೇಳಿದ್ದಕ್ಕೆ "ಇಂಗ್ಲಿಷ್ ಬ್ಯಾಂಡು ಕಣೋ" ಎಂದಷ್ಟೇ ಹೇಳಿ ಕಡಲೆಕಾಯಿ ಕೊಡಿಸಿದ್ದರು. ಅದನ್ನು ಆ ವಾದ್ಯಗಳಿಗೆಂದು ಯಾರೋ ರಾತ್ರಿ ಕುಳಿತು ಬರೆದಿರಬೇಕು, ಯಾರೋ ಅವರ ಹತ್ತಿರ ಬಂದು ಅರ್ಧ ಶ್ರುತಿ ಇಳಿಸಲು ಹೇಳಿರಲೂಬೇಕು.

ಆಪೆರಾದ ಕಾಟ ಇಂಥದ್ದಾದರೆ ಐರಿಷ್ ಧಾಟಿಗಳದು ಇನ್ನೊಂದು ಬಗೆಯದು. ಪಿಟೀಲಿನ ಮೇಲೆ ಬೆರಳು ಜಾರಿಸಿ ಗಮಕದಂತೆ ಅಲಂಕರಿಸುವ ಕುಣಿತದ ಧಾಟಿಯನ್ನು ಬೇಸಿನವರ ಮುಂದಿಟ್ಟರೆ ಅವರು ನನ್ನನ್ನೂ ಹಾಳೆಯನ್ನೂ ಒಮ್ಮೆ ನೋಡಿ ಚಹಾಕ್ಕೆ ಎದ್ದುಹೋಗುತ್ತಾರೆ. ಕಾರ್ಯಕ್ರಮ ಸಮಿತಿಯದು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಸ್ಥಿತಿ. ಅಧ್ಯಕ್ಷರಿಗೆ ಆಪೆರಾ ಬೇಕು, ಖಜಾಂಚಿಗೆ ಐರ್ಲೆಂಡ್ ಬೇಕು. ಇಬ್ಬರನ್ನೂ ಒಂದೇ ಏಟಿಗೆ ಸಮಾಧಾನಪಡಿಸಲೆಂದು, ಐರ್ಲೆಂಡಿನ ಥಾಮಸ್ ಮೂರ್ ಪದಗಳನ್ನು ಕೂಡಿಸಿದ, ಮುಂದೆ ಜರ್ಮನಿಯ ಫ್ಲೊಟೊ 1847ರಲ್ಲಿ ತಮ್ಮ 'ಮಾರ್ಥಾ' ಆಪೆರಾದೊಳಗೆ ಸೇರಿಸಿಕೊಂಡ 'ದಿ ಲಾಸ್ಟ್ ರೋಸ್ ಆಫ್ ಸಮ್ಮರ್' ಧಾಟಿಯನ್ನು ಹೊಂದಿಸಿಕೊಟ್ಟೆ. ಇದು ಆಪೆರಾ ಅಲ್ಲವೇ ಅಲ್ಲ ಎಂದು ಅಧ್ಯಕ್ಷರು, ಇದು ಜರ್ಮನ್ ಆಪೆರಾದ್ದಲ್ಲವೇ ಎಂದು ಖಜಾಂಚಿಯವರು.

ಕೊನೆಗೆ ಸರ್ವಸಮ್ಮತವಾದದ್ದು, ಯಾವಾಗಲೂ ಆಗುವಂತೆ, 'ಲಂಡನ್‌ಡೆರಿ ಏರ್'. ಲಿಮವಾಡಿ ಎಂಬ ಊರಿನ ಜೇನ್ ರಾಸ್ ಸಂಗ್ರಹಿಸಿ ಕೊಟ್ಟದ್ದನ್ನು ಜಾರ್ಜ್ ಪೆಟ್ರಿ 1855ರಲ್ಲಿ ಅಚ್ಚು ಹಾಕಿಸಿದರು. ಇಂಗ್ಲಿಷ್ ವಕೀಲ ಫ್ರೆಡ್ರಿಕ್ ವೆದರ್ಲಿ 1913ರಲ್ಲಿ ಅದಕ್ಕೆ 'ಡ್ಯಾನಿ ಬಾಯ್' ಪದಗಳನ್ನು ತೊಡಿಸಿದರು. ಪರ್ಸಿ ಗ್ರೇಂಜರ್ 1918ರಲ್ಲಿ ಮಿಲಿಟರಿ ಬ್ಯಾಂಡಿಗೆಂದು ಹೊಂದಿಸಿದ ರೂಪ ಎಷ್ಟು ಸೊಗಸಾಗಿದೆಯೆಂದರೆ ಅದಾದ ಮೇಲೆ ನನ್ನಂಥವರು ಪೆನ್ಸಿಲ್ ಕೆಳಗಿಡುವುದೇ ಮರ್ಯಾದೆ. ಆದರೂ ಪ್ರತಿ ಬ್ಯಾಂಡಿಗೂ ಪ್ರತಿ ಮದುವೆಗೂ ಪ್ರತಿ ಶವಸಂಸ್ಕಾರಕ್ಕೂ ಹೊಸದೊಂದು ಬೇಕೇ ಬೇಕು. ಈ ಧಾಟಿಯಲ್ಲಿಯೂ ಕೊನೆಗೆ ಸ್ವಲ್ಪ ಮುಂಚೆ ಒಂದು ಎತ್ತರದ ಸ್ವರವಿದೆ ಎಂಬುದನ್ನು ಬಲ್ಲವರು ಬಲ್ಲರು. ಈ ಸಲ ನಾನು ಧಾಟಿಯನ್ನು ಆದಿಯಿಂದ ಅಂತ್ಯದವರೆಗೆ, ಆ ಸ್ವರವೂ ಸೇರಿದಂತೆ, ಹುಟ್ಟಿದಾರಭ್ಯ 'ಪಂ ಪಂ' ಎಂದು ತಾಳ ತುಂಬಿಸುತ್ತಲೇ ಬಂದ ಮೂವರು ಟೆನರ್ ಹಾರ್ನಿನವರಿಗೆ ಕೊಟ್ಟು, ಯೂಫೋನಿಯಂ ಹಾಳೆಯ ತುಂಬ ವಿರಾಮದ ಚಿಹ್ನೆಗಳನ್ನು ಹಾಕಿದೆ. ಮೂರನೇ ಹಾರ್ನಿನಾಕೆ ಹಾಳೆ ನೋಡಿ, ತಪ್ಪಾಗಿ ಬೇರೆಯವರದು ಬಂದಿರಬೇಕೆಂದು ಅದನ್ನು ಹಿಂತಿರುಗಿಸಲು ಬಂದರು. ಮಹಾಶಯರು ಮಾತ್ರ ತಮ್ಮ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಸ್ವಲ್ಪವೂ ಬೇಸರಿಸದೆ ಅದನ್ನು ಮಡಚಿ ಜೇಬಿಗಿಟ್ಟುಕೊಂಡು, "ಪರವಾಗಿಲ್ಲ ಬಿಡಿ, ಇದು ನನಗೆ ಬಾಯಿಪಾಠ" ಎಂದರು.