ಮುಚ್ಚಳ ಹಾರಿಸಿದವಳು

ನಾನು ಓದುವ ಕಾಲಕ್ಕೆ ಒಳ್ಳೆಯ ವಿದ್ಯಾರ್ಥಿ ಅಂದರೆ ಮೇಷ್ಟ್ರಿಗೆ ಹೆಸರೇ ಗೊತ್ತಿಲ್ಲದವರು. ಹೆಸರು ಗೊತ್ತಿದೆ ಅಂದರೆ ಏನೋ ಕಿತಾಪತಿ ಮಾಡಿದ್ದಾರೆ ಅಂತಲೇ ಅರ್ಥ. ತುಮಕೂರಿನಲ್ಲಿ ಪಿಯುಸಿ ಮುಗಿಸುವವರೆಗೂ ನಾನು ಗೋಡೆ ಪಕ್ಕದ ಬೆಂಚಿನಲ್ಲಿ ಯಾರ ಕಣ್ಣಿಗೂ ಬೀಳದೆ ಕೂತವಳು. ನ್ಯೂಜೆರ್ಸಿಯಲ್ಲಿ ಹುಟ್ಟಿದ ಮಗಳಿಗೂ ಅದನ್ನೇ ಹೇಳಿಕೊಟ್ಟೆ: "ಸುಮ್ನೆ ಕೂತ್ಕೊಂಡು ಓದು, ಪ್ರೊಫೆಸರ್ ತಲೆ ತಿನ್ನಬೇಡ."

ಇಲ್ಲಿ ಮೆಡಿಕಲ್ ಸೇರಬೇಕಾದರೆ ಮೊದಲು ನಾಲ್ಕು ವರ್ಷದ ಡಿಗ್ರಿ ಮುಗಿಸಬೇಕು. ಆಮೇಲೆ ಎಂಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ, ಅದಕ್ಕೆ ಗರಿಷ್ಠ 528 ಅಂಕ. ಇಷ್ಟಾದರೆ ಸಾಕು ಅಂದುಕೊಂಡಿದ್ದೆ. ಊರಲ್ಲಿ ನೀಟ್ ಬರೆದವರನ್ನು 720ಕ್ಕೆ ಎಷ್ಟು ಬಂತು ಅಂತ ಕೇಳಿ ಬಿಟ್ಟುಬಿಡುತ್ತಾರೆ, ಅಲ್ವಾ? ಇಲ್ಲಿ ಹಾಗಲ್ಲ. ನಿನಗೆ ಪಾಠ ಮಾಡಿದವರು ನಿನ್ನ ಬಗ್ಗೆ ಏನು ಹೇಳುತ್ತಾರೆ ಅಂತ ಕಾಲೇಜಿನವರಿಗೆ ಪತ್ರ ಬೇಕು. ಬಹಳಷ್ಟು ಕಡೆ ಸೈನ್ಸ್ ಪ್ರೊಫೆಸರುಗಳಿಂದ ಎರಡು, ಸೈನ್ಸ್ ಅಲ್ಲದವರಿಂದ ಒಂದು. ಆನ್‌ಲೈನಿನಲ್ಲಿ ಅರ್ಜಿ ಹಾಕುವ ಆಮ್‌ಕ್ಯಾಸ್ ಅನ್ನುವ ವ್ಯವಸ್ಥೆಯಲ್ಲಿ 10 ಪತ್ರಗಳವರೆಗೆ ಸೇರಿಸಲು ಜಾಗವಿದೆ. ನಮ್ಮ ಹುಡುಗಿಗೆ ಮೂರು ಹೊಂದಿಸುವಷ್ಟರಲ್ಲೇ ಸಾಕುಬೇಕಾಯಿತು.

ಕಾಲೇಜಿನಲ್ಲಿ ಇರುವಾಗಲೇ ಕೇಳಿಟ್ಟುಕೊಳ್ಳುವ ಬುದ್ಧಿವಂತರು ಇರುತ್ತಾರೆ. ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡು, ಬೇಕಾದಾಗ ಕಳಿಸಿಕೊಡುವ ಆನ್‌ಲೈನ್ ಸೇವೆಗಳೂ ಇವೆ. ಇವಳು ಡಿಗ್ರಿ ಮುಗಿಸಿ, ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಡಾಕ್ಟರು ಹೇಳಿದ್ದನ್ನೆಲ್ಲ ಟೈಪ್ ಮಾಡುವ ಸ್ಕ್ರೈಬ್ ಕೆಲಸಕ್ಕೆ ಸೇರಿ, ಆಮೇಲೆ ಪತ್ರದ ಕಡೆ ತಿರುಗಿದಳು. ಅಷ್ಟು ಹೊತ್ತಿಗೆ ಅವಳ ಕಾಲೇಜಿನ ಇಮೇಲ್ ಬಂದ್ ಆಗಿತ್ತು. ಪತ್ರ ಕೇಳಿ ಹೊಸ ಜಿಮೇಲಿನಿಂದ ಹೋದ ಮೊದಲ ಮೇಲ್ ಯಾರದೋ ಸ್ಪ್ಯಾಮ್ ಡಬ್ಬಿಯಲ್ಲಿ, ಲಾಟರಿ ಗೆದ್ದವರ ಜೊತೆ ಕೂತಿತ್ತು.

ಆ ಮೇಲ್ ಬರೆಯುವುದೂ ದೊಡ್ಡ ಸಾಹಸ. "ನಾನು ನಿಮಗೆ ನೆನಪಿರಲಿಕ್ಕಿಲ್ಲ" ಅಂತ ಶುರು ಮಾಡಿದರೆ, "ಹೌದು, ನೆನಪಿಲ್ಲ" ಅನ್ನುವುದು ಅವರಿಗೆ ಸಲೀಸು. "ನೆನಪಿದೆಯಲ್ವಾ?" ಅಂದರೆ ಅಧಿಕಪ್ರಸಂಗ. ಕೊನೆಗೆ ಯಾವ ವರ್ಷ, ಯಾವ ಕ್ಲಾಸು, ಯಾವ ಗ್ರೇಡು ಅಂತ ಬರೆದು, ಮುಖ ನೋಡಿಯಾದರೂ ಹೊಳೆಯಲಿ ಅಂತ ಒಂದು ಫೋಟೋ ಅಂಟಿಸಿದಳು. ಪಾಸ್‌ಪೋರ್ಟ್ ಸೈಜ್ ಹಾಕು ಅಂದೆ. ನನ್ನನ್ನು ಅಡುಗೆಮನೆಗೆ ಕಳಿಸಿದಳು.

ಕೇಳುವ ರೀತಿಯೂ ಬೇರೆ. ಬರೀ ಪತ್ರ ಕೊಡಿ ಅನ್ನುವ ಹಾಗಿಲ್ಲ. "ಸ್ಟ್ರಾಂಗ್ ಆದ ಪತ್ರ ಬರೆಯಲು ಸಾಧ್ಯವೇ?" ಅಂತ ಕೇಳಬೇಕು, ಡಿಕಾಕ್ಷನ್ ಜಾಸ್ತಿ ಇರಲಿ ಅನ್ನುವ ಹಾಗೆ. ಇದರಲ್ಲಿ ಒಂದು ಜಾಣತನವಿದೆ. ಮನಸ್ಸಿಲ್ಲದವರು ಮರ್ಯಾದೆಯಿಂದ ಜಾರಿಕೊಳ್ಳಬಹುದು. ಕಾಟಾಚಾರಕ್ಕೆ ಬರೆದ ಪತ್ರಕ್ಕಿಂತ ಪತ್ರ ಇಲ್ಲದಿರುವುದೇ ವಾಸಿ.

ಬಯಾಲಜಿ ಪ್ರೊಫೆಸರ್ ಜಾರಿಕೊಂಡರು. ಆ ಕ್ಲಾಸಿನಲ್ಲಿ ಇವಳಿಗೆ ಎ ಗ್ರೇಡ್. ಒಂದು ದಿನವೂ ತಪ್ಪಿಸಿಲ್ಲ, ಒಂದು ಪ್ರಶ್ನೆಯನ್ನೂ ಕೇಳಿಲ್ಲ, ಅಪ್ಪಟ ನನ್ನ ಮಗಳು. ನೂರಾರು ಹುಡುಗರು ಕೂರುವ ಹಾಲ್‌ನಲ್ಲಿ ಅವರಿಗೆ ಇವಳ ಮುಖ ಕಂಡದ್ದೇ ಇಲ್ಲ. "ನಿನಗೆ ಎ ಬಂದಿರುವುದು ನಿಜ ಅಂತ ಬೇಕಾದರೆ ಬರೆಯಬಲ್ಲೆ, ಅದಕ್ಕಿಂತ ಜಾಸ್ತಿ ನನಗೆ ಗೊತ್ತಿಲ್ಲ" ಅಂದರು. ಇನ್ನೊಬ್ಬರಿಂದ ಬಂದದ್ದು ಆಟೋ ರಿಪ್ಲೈ: ರಜೆಯಲ್ಲಿದ್ದೇನೆ, ಮುಂದಿನ ವರ್ಷ ಸಿಗುತ್ತೇನೆ.

ಆರ್ಗ್ಯಾನಿಕ್ ಕೆಮಿಸ್ಟ್ರಿಯವರು ಮಾತ್ರ ಅರ್ಧ ಗಂಟೆಯಲ್ಲಿ ಉತ್ತರ ಬರೆದರು. "ಚೆನ್ನಾಗಿ ನೆನಪಿದೆ. ಮುಚ್ಚಳ ಹಾರಿಸಿದವಳು ನೀನೇ ಅಲ್ಲವೇ? ಸೀಲಿಂಗ್ ಮೇಲೆ ಗುರುತು ಈಗಲೂ ಇದೆ."

ಯಾವ ಮುಚ್ಚಳ? ಮಗಳು ಲ್ಯಾಪ್‌ಟಾಪ್ ಮಡಚಲು ನೋಡಿದಳು. ನಾನು ಬಿಡಲಿಲ್ಲ. ಲ್ಯಾಬಿನಲ್ಲಿ ಸೆಪರೇಟರಿ ಫನಲ್ ಅಂತ ಒಂದು ಗಾಜಿನ ಬುಂಡೆ ಇರುತ್ತದೆ, ಕೆಳಗೆ ಪುಟ್ಟ ನಲ್ಲಿ, ಮೇಲೆ ಬಿರಡೆ. ಒಳಗೆ ಆಮ್ಲ ಬೆರೆತ ಈಥರ್. ಅದಕ್ಕೆ ಅಡುಗೆ ಸೋಡಾದ ನೀರು ಹಾಕಿ ಕುಲುಕಬೇಕು. ಕುಲುಕಿದರೆ ಕಾರ್ಬನ್ ಡೈಆಕ್ಸೈಡ್ ಏಳುತ್ತದೆ. ಅದಕ್ಕೇ ಆಗಾಗ ಬುಂಡೆಯನ್ನು ತಲೆಕೆಳಗು ಹಿಡಿದು, ನಲ್ಲಿ ತಿರುಗಿಸಿ, ಗ್ಯಾಸ್ ಬಿಡಬೇಕು. ಇವಳು ಪಕ್ಕದವಳ ಜೊತೆ ಮಾತಾಡುತ್ತಾ ಕುಲುಕಿದ್ದಾಳೆ, ಕುಲುಕಿದ್ದಾಳೆ, ಗ್ಯಾಸ್ ಬಿಡುವುದನ್ನು ಮರೆತಿದ್ದಾಳೆ. ಢಮ್ ಅಂತ ಬಿರಡೆ ಸೀಲಿಂಗಿಗೆ ಬಡಿದು, ಉರುಳಿ, ಪ್ರೊಫೆಸರ್ ಕಾಲ ಬಳಿ ಬಂದು ನಿಂತಿತಂತೆ. ಕನ್ನಡಕ ಹಾಕಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ರಿಪೋರ್ಟಿನಲ್ಲಿ ಮುಚ್ಚಿಡದೆ, ಒಳಗೆ ಎಷ್ಟು ಒತ್ತಡ ಆಗಿರಬಹುದು ಅಂತ ಲೆಕ್ಕ ಹಾಕಿ ಬರೆದಿದ್ದಳಂತೆ. ಅದನ್ನೇ ಪತ್ರದಲ್ಲಿ ಹಾಕುತ್ತೇನೆ ಅಂದರು ಅವರು. ಇಷ್ಟು ವರ್ಷ ಮನೆಗೆ ಗೊತ್ತಾಗದ ಸುದ್ದಿ ಈಗ ಮೆಡಿಕಲ್ ಕಾಲೇಜುಗಳಿಗೆಲ್ಲ ಗೊತ್ತು.

ಫಿಲಾಸಫಿ ಪ್ರೊಫೆಸರಿಗೂ ನೆನಪಿತ್ತು. ಬಿ ಪ್ಲಸ್ ಕೊಟ್ಟರು ಅಂತ ಅವರ ರೂಮಿಗೆ ಹೋಗಿ ಜಗಳ ಆಡಿದ್ದಳಂತೆ. ಗ್ರೇಡ್ ಬದಲಾಗಲಿಲ್ಲ, ಪತ್ರ ಸಿಕ್ಕಿತು. ಫಿಸಿಕ್ಸ್‌ನದ್ದು ಲ್ಯಾಬ್ ನೋಡಿಕೊಳ್ಳುತ್ತಿದ್ದ ಪಿಎಚ್‌ಡಿ ಹುಡುಗ ಬರೆದ, ದೊಡ್ಡವರು ಜೊತೆಗೆ ಸಹಿ ಹಾಕಿದರು. ಇಲ್ಲಿ ಅದು ನಡೆಯುತ್ತದೆ.

ನಮ್ಮಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಅರ್ಥ ಮಾಡಿಸುವುದು ಇನ್ನೊಂದು ಪರೀಕ್ಷೆ. "ಇಷ್ಟಕ್ಕೆ ಯಾಕಮ್ಮ ಒದ್ದಾಟ? ನಿನಗೆ ನಡತೆ ಸರ್ಟಿಫಿಕೇಟ್ ಬೇಕಾದಾಗ ಆ ಗೆಜೆಟೆಡ್ ಆಫೀಸರ್ ನಿನ್ನ ಮುಖ ನೋಡಿದ್ರಾ? ನನಗೆ ತಿಳಿದ ಮಟ್ಟಿಗೆ ಈಕೆಯ ನಡತೆ ಉತ್ತಮ ಅಂತ ಬರೆದು, ಸೀಲ್ ಒತ್ತಿ ಕೊಟ್ರು. ಐದು ನಿಮಿಷದ ಕೆಲಸ."

"ಆಯ್ತಪ್ಪ, ಪತ್ರ ಎಲ್ಲಾ ಬಂದಾಯ್ತು."

"ಏನು ಬರೆದಿದ್ದಾರೆ?"

"ಗೊತ್ತಿಲ್ಲ. ನಾವು ನೋಡೋ ಹಾಗಿಲ್ಲ."

1974ರ ಫೆರ್ಪಾ ಕಾಯ್ದೆ ಪ್ರಕಾರ ವಿದ್ಯಾರ್ಥಿಗೆ ತನ್ನ ದಾಖಲೆ ನೋಡುವ ಹಕ್ಕಿದೆ. ಆದರೆ ಪತ್ರದ ಮಟ್ಟಿಗೆ ಆ ಹಕ್ಕನ್ನು ಬಿಟ್ಟುಕೊಟ್ಟರೇ ಅದಕ್ಕೆ ಬೆಲೆ. ಇವಳೂ ಬಿಟ್ಟುಕೊಟ್ಟಿದ್ದಾಳೆ ಅಂದೆ. ಅಪ್ಪ ಮೂವತ್ತು ವರ್ಷ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಇದ್ದವರು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಆಮೇಲೆ ಅತ್ತವರನ್ನು ಸಾಕಷ್ಟು ನೋಡಿದ್ದಾರೆ. "ಓದದೆ ಸಹಿ ಹಾಕಿದ್ಲಾ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಅಂತ ಫೋನ್ ಇಟ್ಟೇಬಿಟ್ಟರು.

ಪ್ರೊಫೆಸರುಗಳಿಗೆ ಮೈಸೂರು ಪಾಕ್ ಕಳಿಸಿದೆ. ಪತ್ರ ಸೇರುವ ಮೊದಲು ಕೊಟ್ಟರೆ ಲಂಚ, ಸೇರಿದ ಮೇಲೆ ಕೊಟ್ಟರೆ ಥ್ಯಾಂಕ್ಸ್, ಅಂತ ಮಗಳ ತೀರ್ಪು. ಅದಕ್ಕೇ ತುಪ್ಪ ಕಾಯಿಸಿಟ್ಟುಕೊಂಡು ಕಾದಿದ್ದೆ.

ಮಗ ಈ ವರ್ಷ ಕಾಲೇಜು ಸೇರಿದ್ದಾನೆ. ಮುಂದಿನ ಸಾಲಲ್ಲಿ ಕೂತ್ಕೋ, ಪ್ರಶ್ನೆ ಕೇಳು, ಬೇಕಾದರೆ ಜಗಳ ಆಡು, ಒಟ್ಟಿನಲ್ಲಿ ಅವರಿಗೆ ನಿನ್ನ ಮುಖ ನೆನಪಿರಬೇಕು ಅಂತ ದಿನಾ ಹೇಳುತ್ತಿದ್ದೇನೆ. ಅವನದು ಕಂಪ್ಯೂಟರ್ ಸೈನ್ಸ್. ಕ್ಲಾಸಿಗೆ ಹೋಗುವುದೇ ಇಲ್ಲವಂತೆ, ಎಲ್ಲಾ ವಿಡಿಯೋದಲ್ಲೇ ಸಿಗುತ್ತದಂತೆ.