ಲೈಟ್ ಆರ್ಸ್ರೇ, ಅಕ್ಕ ಬಂದ್ಳು

ಹಾಸ್ಟೆಲ್ ಮೀಟಿಂಗಿಗೆ ಐದು ನಿಮಿಷ ಲೇಟಾಗಿ ಹೋದ್ರೆ ಏನಾಗುತ್ತೆ ಅಂತ ಯಾರಾದ್ರೂ ಕೇಳಿದ್ರೆ ನನ್ನ ಕಡೆ ಕೈ ತೋರ್ಸಿ. ನಾನು ಬಾಗಿಲು ತಳ್ಕೊಂಡು ಒಳಗೆ ಹೋಗೋ ಹೊತ್ತಿಗೆ ಎಲ್ರೂ ಚಪ್ಪಾಳೆ ತಟ್ತಿದ್ರು, ಯಾರಿಗೋ ಏನೋ ಸಿಕ್ಕಿರ್ಬೇಕು ಪಾಪ ಅಂತ ನಾನೂ ಜೋರಾಗೇ ತಟ್ಟಿದೆ, ಆಮೇಲೆ ಗೊತ್ತಾಯ್ತು ಆ ಯಾರೋ ನಾನೇ ಅಂತ. ನಮ್ಮ ಬ್ಲಾಕಿನ ಇಕೋ ರೆಪ್ ತಂಡದ ಲೀಡರ್, ಅಂದ್ರೆ ಕರೆಂಟ್, ನೀರು, ಕಾಗದ ಉಳಿಸಿ ಅಂತ ಜೊತೆಯ ಹುಡ್ಗೀರಿಗೆ ಹೇಳೋ ಹುಡ್ಗೀರ ತಂಡಕ್ಕೆ! ಹಸಿರು ಬಣ್ಣದ ಬ್ಯಾಡ್ಜು, ಒಂದು ರಿಜಿಸ್ಟರು, ಆರು ಜನ ಜೂನಿಯರ್ಸು. ಆ ಆರರಲ್ಲಿ ನಾಲ್ಕು ಜನ ಸರ್ಟಿಫಿಕೇಟಿಗೆ ಬಂದವ್ರು, ಒಬ್ಳು ಫ್ರೆಂಡ್ ಬಂದ್ಳು ಅಂತ ಬಂದವ್ಳು, ಇನ್ನೊಬ್ಳು ಮಾತ್ರ ನಿಜವಾಗ್ಲೂ ಭೂಮಿ ಉಳಿಸಕ್ಕೆ ಬಂದವ್ಳು, ಅವ್ಳನ್ನ ಕಂಡ್ರೆ ನಮ್ಗೆಲ್ಲ ಸ್ವಲ್ಪ ಭಯ.

ಈ ಇಕೋ ರೆಪ್ ಅನ್ನೋದು ನಮ್ಮ ವಾರ್ಡನ್ ಮೇಡಂ ಕಂಡುಹಿಡಿದಿದ್ದಲ್ಲ. ಅಮೆರಿಕದ ಟಫ್ಟ್ಸ್ ಯೂನಿವರ್ಸಿಟಿಯಂಥ ಕಡೆ 2000ದ ದಶಕದ ಶುರುವಿಗೇ ಇತ್ತು, ಆಮೇಲೆ ಬೇರೆ ಬೇರೆ ಕ್ಯಾಂಪಸ್‌ಗಳಿಗೆ ಹಬ್ತು. ಇದರ ಹಿಂದಿನ ಲಾಜಿಕ್ ಸಿಂಪಲ್ಲು. ವಾರ್ಡನ್ ಹೇಳಿದ್ರೆ ಹುಡ್ಗೀರು ಕೇಳಲ್ಲ, ಲೆಕ್ಚರರ್ ಹೇಳಿದ್ರೆ ನೋಟ್ಸ್ ಬರ್ಕೊಂಡು ಎಕ್ಸಾಮಲ್ಲಿ ಬರೆದು ಮರೀತಾರೆ, ಅದೇ ಪಕ್ಕದ ರೂಮಿನವ್ಳು ಹೇಳಿದ್ರೆ ಕೇಳ್ತಾರೆ ಅಂತ. ಇದನ್ನ ಯೋಚ್ನೆ ಮಾಡಿದವ್ರಿಗೆ ಒಳ್ಳೇ ಅಕ್ಕಪಕ್ಕದವ್ರು ಸಿಕ್ಕಿದ್ರು ಅನ್ಸುತ್ತೆ. ನಮ್ಮಲ್ಲಿ ಪಕ್ಕದ ರೂಮಿನವ್ಳು ಏನಾದ್ರೂ ಹೇಳಿದ್ರೆ ಮೊದ್ಲು ಬರೋ ಉತ್ರ, "ನೀನ್ಯಾವ್ಳೇ ಹೇಳಕ್ಕೆ".

ಮೊದಲ ವಾರ ಉತ್ಸಾಹ ಅಂದ್ರೆ ಉತ್ಸಾಹ. ಕಾಗದ ಉಳಿಸಿ, ನೀರು ಉಳಿಸಿ, ಕರೆಂಟ್ ಉಳಿಸಿ, ಪ್ಲಾಸ್ಟಿಕ್ ಬೇಡ, ಒಟ್ಟು ಇನ್ನೂರು ಪೋಸ್ಟರ್ ಪ್ರಿಂಟ್ ಹಾಕ್ಸಿದ್ವಿ. ಕಾಗದ ಉಳಿಸಿ ಅನ್ನೋದಕ್ಕೇ ಐವತ್ತು ಹಾಳೆ! ಬಾತ್‌ರೂಮಲ್ಲಿ ಹಾಕೋವು ನೆನೆದುಹೋಗ್ತವೆ ಅಂತ ಬೇರೆ ಲ್ಯಾಮಿನೇಟ್ ಮಾಡ್ಸಿದೆ, ಅದ್ರಲ್ಲಿ "ಪ್ಲಾಸ್ಟಿಕ್ ಬೇಡ" ಅನ್ನೋ ಪೋಸ್ಟರೂ ಒಂದು. ಆಗ ಯಾರಿಗೂ ಹೊಳೀಲಿಲ್ಲ, ನನಗಂತೂ ಸುತಾರಾಂ ಹೊಳೀಲಿಲ್ಲ, ಆ ಭೂಮಿ ಉಳಿಸೋ ಹುಡುಗಿ ಮಾತ್ರ ಗೋಡೆ ಮುಂದೆ ಸುಮಾರು ಹೊತ್ತು ನಿಂತು "ಅಕ್ಕಾ, ಒಂದ್ ಮಾತು ಹೇಳ್ಲಾ?" ಅಂದ್ಳು. ಬೇಡಮ್ಮಾ ಅಂದೆ.

ಆಮೇಲೆ ರೂಮ್ ರೂಮಿಗೆ ಹೋಗೋ ಕಾರ್ಯಕ್ರಮ. ರಿಜಿಸ್ಟರ್ ಹಿಡ್ಕೊಂಡು ಬಾಗಿಲು ತಟ್ಟೋದು, ಯಾರೂ ಇಲ್ದಾಗ ಫ್ಯಾನ್ ಆಫ್ ಮಾಡ್ತೀರಾ, ಚಾರ್ಜರ್ ಕೀಳ್ತೀರಾ ಅಂತ ಕೇಳಿ ಟಿಕ್ ಹಾಕೋದು. ಎರಡೇ ದಿನಕ್ಕೆ ನನ್ನ ಚಪ್ಪಲಿ ಸದ್ದು ಇಡೀ ಬ್ಲಾಕಿಗೆ ಬಾಯಿಪಾಠ ಆಗೋಯ್ತು. ನಾನು ಮೆಟ್ಟಿಲು ಹತ್ತೋದು ಕೇಳಿದ್ರೆ ಸಾಕು ಯಾವ್ಳೋ "ಲೈಟ್ ಆರ್ಸ್ರೇ, ಅಕ್ಕ ಬಂದ್ಳು" ಅಂತ ಕೂಗೋಳು, ಟಪ ಟಪ ಅಂತ ಸಾಲಾಗಿ ಕತ್ಲೆ. ಒಂದಿನ ಹಂಗೇ ಒಂದು ರೂಮ್ ಬಾಗಿಲು ತೆಗೆದ್ರೆ ಕಗ್ಗತ್ಲಲ್ಲಿ ಐದು ಜನ ಮಂಚದ ಮೇಲೆ ಸಾಲಾಗಿ ಕೂತಿದ್ರು, ಒಬ್ಳ ಕೈಲಿ ಪುಸ್ತಕ ಬೇರೆ. ಏನ್ರೇ ಮಾಡ್ತಿದೀರ ಅಂದ್ರೆ "ಓದ್ತಿದೀವಿ ಅಕ್ಕಾ" ಅಂದ್ರು.

ಇದಕ್ಕಿಂತ ಮಾನ ಹೋಗಿದ್ದು ಅದೇ ಸಾಯಂಕಾಲ. ಮೂರೂ ಫ್ಲೋರ್ ಸುತ್ತಿ ಉಪದೇಶ ಮಾಡಿ ರೂಮಿಗೆ ಬಂದ್ರೆ ನನ್ನ ಟೇಬಲ್ ಫ್ಯಾನು ಬೆಳಗ್ಗೆಯಿಂದ ಖಾಲಿ ಮಂಚಕ್ಕೆ ಗಾಳಿ ಹಾಕ್ತಾ ಇತ್ತು. ರೂಮ್‌ಮೇಟ್ ನನ್ನ ರಿಜಿಸ್ಟರನ್ನೇ ತಗೊಂಡು ಕೂತ್ಳು. "50 ವ್ಯಾಟ್, ಎಂಟು ಗಂಟೆ, 400 ವ್ಯಾಟ್ ಅವರ್ ಆಯ್ತು. ನೀನು ಯಾವ್ಯಾವ್ದಕ್ಕೆ ಬೈತೀಯಲ್ಲ ಆ 9 ವ್ಯಾಟ್ ಎಲ್ಇಡಿ ಬಲ್ಬು, ಅದನ್ನ ಇಷ್ಟೇ ಕರೆಂಟಲ್ಲಿ 44 ಗಂಟೆ ಉರಿಸ್ಬೋದು ಕಣೇ." ಮಾರನೇ ದಿನ ಬೆಳಗ್ಗೆ ಬ್ರಷ್ ಮಾಡೋರೆಲ್ಲ ನನ್ನ ನೋಡಿ ಬರೀ ನಲವತ್ನಾಲ್ಕು ನಲವತ್ನಾಲ್ಕು ಅಂತಿದ್ರು.

ಸರಿ, ಬೈದ್ರೆ ಆಗಲ್ಲ, ಸೈಕಾಲಜಿ ಉಪಯೋಗ್ಸೋಣ ಅಂತ ಲೈಬ್ರರಿಗೆ ಹೋದೆ. 2008ರ ಒಂದು ಫೇಮಸ್ ಸ್ಟಡಿ ಸಿಕ್ತು. ಹೋಟೆಲ್ ರೂಮಲ್ಲಿ "ಪರಿಸರಕ್ಕಾಗಿ ಟವೆಲ್ ಮತ್ತೆ ಬಳಸಿ" ಅಂತ ಬರೆದಿಟ್ರೆ ಸುಮಾರು ನೂರಕ್ಕೆ 35 ಜನ ಕೇಳಿದ್ರಂತೆ, ಅದೇ "ಇಲ್ಲಿಗೆ ಬಂದವರಲ್ಲಿ ಬಹಳ ಜನ ಮತ್ತೆ ಬಳಸ್ತಾರೆ" ಅಂತ ಬರೆದ್ರೆ 44 ಆಯ್ತಂತೆ. ಇದೇ ನಮ್ಗೆ ಬೇಕಾಗಿದ್ದು ಅಂತ ಮಾರನೇ ದಿನವೇ ಹೊಸ ಬೋರ್ಡ್, "ಈ ಫ್ಲೋರಿನ ಬಹಳ ಜನ ಬೇಗ ಸ್ನಾನ ಮುಗಿಸ್ತಾರೆ". ಸಂಜೆಗೆ ಯಾರೋ ಅದರ ಕೆಳಗೆ ಪೆನ್ನಲ್ಲಿ ಬರೆದಿದ್ರು, "ಹಾಗಾದ್ರೆ ಬಿಸಿನೀರು ಮಿಕ್ಕಿರುತ್ತೆ, ನಾನು ನಿಧಾನಕ್ಕೆ ಮಾಡ್ತೀನಿ".

ನಗಬೇಡಿ, ಇದಕ್ಕೂ ಸ್ಟಡಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ಮನೆಮನೆಗೆ ಸರಾಸರಿ ಕರೆಂಟ್ ಲೆಕ್ಕ ಕೊಟ್ರೆ ಜಾಸ್ತಿ ಉರಿಸೋರು ಕಮ್ಮಿ ಮಾಡಿದ್ರಂತೆ, ಕಮ್ಮಿ ಉರಿಸ್ತಿದ್ದೋರು ಓಹೋ ನಾವೇ ದಡ್ರು ಅಂತ ಜಾಸ್ತಿ ಮಾಡಿದ್ರಂತೆ, ಅವ್ರ ಚೀಟಿ ಮೇಲೆ ಒಂದು ನಗೋ ಮುಖ ಬರೆದ್ಮೇಲೇ ಸರಿಹೋಗಿದ್ದು. 2007ರಲ್ಲಿ ಪ್ರಕಟ ಆಗಿದ್ದು. ನಾವೂ ನಮ್ಮ ಬೋರ್ಡ್ ಮೇಲೆ ನಗೋ ಮುಖ ಬರೆದ್ವಿ. ಯಾರೋ ಅದಕ್ಕೆ ಮೀಸೆ ಬರೆದ್ರು.

ಅಷ್ಟೊತ್ತಿಗೆ ಮೇಡಂ ತಲೆಗೆ ಕಾಂಪಿಟೀಷನ್ ಹೊಕ್ತು. ಎರಡು ವಾರ, ಬ್ಲಾಕ್ ಬ್ಲಾಕ್ ಮಧ್ಯೆ, ಯಾರ ಮೀಟರ್ ಜಾಸ್ತಿ ಇಳಿಯುತ್ತೋ ಅವ್ರಿಗೆ ಕಪ್ಪು. ಐಡಿಯಾ ಕೊಟ್ಟಿದ್ದು ನಾನೇ, ಅದನ್ನ ಒಪ್ಕೋಬೇಕು. ಅಮೆರಿಕದ ಓಬರ್ಲಿನ್ ಕಾಲೇಜಲ್ಲಿ 2005ರಲ್ಲಿ ಹಿಂಗೇ ಎರಡು ವಾರ ಸ್ಪರ್ಧೆ ನಡೆಸಿದಾಗ ಹಾಸ್ಟೆಲ್‌ಗಳ ಕರೆಂಟ್ ಒಟ್ಟಾರೆ 32% ಇಳೀತು. ಮೀಟರನ್ನ ವಾರಕ್ಕೊಂದ್ಸಲ ಓದಿ ಹೇಳಿದ ಕಡೆ 31%, ಕಂಪ್ಯೂಟರಲ್ಲಿ ಆಗಿಂದಾಗ್ಲೇ ತೋರ್ಸಿದ ಕಡೆ 55%. ನಮ್ಗೆ ಸ್ಕ್ರೀನ್ ಎಲ್ಲಿ ಬರ್ಬೇಕು, ನಾನೇ ದಿನಾ ರಾತ್ರಿ ಟಾರ್ಚ್ ಹಿಡ್ಕೊಂಡು ಮೀಟರ್ ಓದಿ ಬೋರ್ಡಲ್ಲಿ ಬರೀತಿದ್ದೆ. ಮೀಟರ್ ಇರೋದು ಮೆಟ್ಟಿಲ ಕೆಳಗಿನ ಗೂಡಲ್ಲಿ, ಸೊಂಟ ಬಗ್ಗಿಸಿ ಹೋಗಿ ತಲೆ ಹೊಡೆಸ್ಕೊಂಡು ಬರೋದು.

ಮೀಟರ್ ಇಳೀತು ರೀ! ಮೂರನೇ ದಿನಕ್ಕೇ ಇಳೀತು, ವಾರಕ್ಕೆ ಇನ್ನೂ ಇಳೀತು, ನನಗೆ ಹೆಮ್ಮೆ ಅಂದ್ರೆ ಹೆಮ್ಮೆ. ಒಂದಿನ ರಾತ್ರಿ ಪುಸ್ತಕ ವಾಪಸ್ ಮಾಡಕ್ಕೆ ಲೈಬ್ರರಿಗೆ ಹೋಗ್ತೀನಿ, ಅಲ್ಲಿ ನಮ್ಮ ಬ್ಲಾಕೇ ಕೂತಿದೆ. ಓದಕ್ಕಲ್ಲ. ಒಂದೊಂದು ಪ್ಲಗ್ಗಿಗೂ ಎಕ್ಸ್‌ಟೆನ್ಶನ್ ಬೋರ್ಡು, ಅದಕ್ಕೆ ಲ್ಯಾಪ್‌ಟಾಪು, ಫೋನು, ಪವರ್ ಬ್ಯಾಂಕು, ಮೂಲೇಲಿ ಯಾವ್ಳೋ 1500 ವ್ಯಾಟಿನ ಕೆಟಲ್ಲಲ್ಲಿ ಆರಾಮಾಗಿ ನೀರು ಕಾಯಿಸ್ತಿದ್ಳು. ಇಸ್ತ್ರಿ ಪೆಟ್ಟಿಗೆ ಕೂಡ ತಂದಿದ್ಳೊಬ್ಳು, ರೆಫರೆನ್ಸ್ ಸೆಕ್ಷನ್ ಟೇಬಲ್ ಮೇಲೆ ದುಪ್ಪಟ್ಟಾ ಹಾಸ್ಕೊಂಡು. ನನ್ನ ಕಂಡು ಎಲ್ರೂ ಕೈ ಬೀಸಿದ್ರು, "ಅಕ್ಕಾ, ಕಪ್ಪು ನಮ್ದೇ!"

ಕಪ್ಪು ನಮ್ಗೇ ಬಂತು. ನಾನು ಬಾಯಿ ಬಿಡ್ಲಿಲ್ಲ.

ಇಷ್ಟಕ್ಕೂ ಹಾಸ್ಟೆಲ್ಲಲ್ಲಿ ಕರೆಂಟ್ ಬಿಲ್ ಯಾರ ಕೈಗೂ ಬರಲ್ಲ, ಎಲ್ಲಾ ಫೀಸಲ್ಲೇ ಸೇರಿರುತ್ತೆ, ಎಷ್ಟ್ ಉರಿಸಿದ್ರೂ ಅಷ್ಟೇ. ಹಂಗಿರುವಾಗ ಎರಡು ವಾರವಾದ್ರೂ ಚಾರ್ಜರ್ ಹೊತ್ಕೊಂಡು ಲೈಬ್ರರಿ ತನಕ ನಡೆದ್ರಲ್ಲ, ವ್ಯಾಯಾಮನಾದ್ರೂ ಆಯ್ತು.

ಈ ಎಲ್ಲಾ ಗಲಾಟೆಯಲ್ಲಿ ಎರಡನೇ ಫ್ಲೋರಿನ ಕೊನೇ ನಲ್ಲಿ ಒಂದು ತೊಟ್ಟಿಕ್ತಾನೇ ಇತ್ತು. ಅದರ ತಲೆ ಮೇಲೇ "ಹನಿ ಹನಿಯೂ ಅಮೂಲ್ಯ" ಅಂತ ನಮ್ಮ ಲ್ಯಾಮಿನೇಟೆಡ್ ಪೋಸ್ಟರ್. ನಿಲ್ಲಿಸ್ಬೇಕು ಅಂತ ಎಲ್ರೂ ಒಬ್ರಾದ್ಮೇಲೊಬ್ರು ತಿರುವಿ ತಿರುವಿ ಅದು ಇನ್ನೂ ಸಡಿಲ ಆಗಿತ್ತು. ಒಂದು ರಾತ್ರಿ ನಿದ್ದೆ ಬರ್ದೆ ಹೋಗಿ ಎಣಿಸಿದೆ, ಸೆಕೆಂಡಿಗೊಂದು ಹನಿ. ನಾಲ್ಕು ಹನಿಗೆ ಒಂದು ಮಿಲಿಲೀಟರ್ ಅಂತ ಇಟ್ಕೊಂಡ್ರೂ ದಿನಕ್ಕೆ 86,400 ಹನಿ, ಹತ್ತಿರ ಹತ್ತಿರ 22 ಲೀಟರ್. ಬಕೆಟ್ ಇಟ್ಟು ನೋಡಿದೆ, ಬೆಳಗ್ಗೆಗೆ ಅರ್ಧ ತುಂಬಿತ್ತು. ನಾವು ಎರಡು ತಿಂಗಳಿಂದ ಘೋಷಣೆ ಬರೀತಿದ್ವಿ, ಕಂಪ್ಲೇಂಟ್ ಬುಕ್ಕಲ್ಲಿ ಒಂದು ಸಾಲು ಬರೆದಿರ್ಲಿಲ್ಲ. ಬರೆದ್ಮೇಲೆ ಪ್ಲಂಬರಣ್ಣ ಬಂದ್ರು, ಒಂದು ವಾಷರ್ ಬದಲಾಯಿಸಿದ್ರು, ಹತ್ತು ನಿಮಿಷ. ಹೋಗ್ತಾ ಪೋಸ್ಟರ್ ಓದಿ, "ಇದನ್ನ ಬರೆಯೋ ಬದ್ಲು ನನ್ನ ಕರೀಬಾರ್ದಿತ್ತಾ ಅಮ್ಮಾ" ಅಂದ್ರು. ನಾನು ತಲೆ ತಗ್ಗಿಸ್ಕೊಂಡು ಬಕೆಟ್ ನೋಡ್ತಾ ನಿಂತೆ.

ಇನ್ನು ಕಾಂಪೋಸ್ಟ್ ಕಥೆ. ಮುಚ್ಚಳ ಇರೋ ದೊಡ್ಡ ಡ್ರಮ್ಮನ್ನ ಹಿಂಬಾಗಿಲ ಹತ್ರ ಇಟ್ವಿ, ಹಣ್ಣಿನ ಸಿಪ್ಪೆ, ತರಕಾರಿ ಸಿಪ್ಪೆ ಹಾಕ್ರೋ ಅಂತ ಹೇಳಿದ್ವಿ, ಹಾಕಿದ್ರು. ಬರೀ ಅದನ್ನೇ ಹಾಕಿದ್ರು, ನಾವೂ ಖುಷಿಯಾಗಿ ಒತ್ತಿ ಒತ್ತಿ ಮುಚ್ಚಳ ಬಿಗಿದ್ವಿ. ಹತ್ತು ದಿನಕ್ಕೆ ತೆಗೆದ್ರೆ ಮೊದ್ಲು ಹೊರಗೆ ಬಂದಿದ್ದು ಹಣ್ಣುನೊಣದ ದಿಬ್ಬಣ, ಹಿಂದೇನೇ ವಾಸನೆ. ಕೊಳೆತ ಮೊಟ್ಟೇನ ಒದ್ದೆ ಸಾಕ್ಸಲ್ಲಿ ಕಟ್ಟಿಟ್ಟಂಗೆ. ಸರ್ಟಿಫಿಕೇಟ್ ಪಾರ್ಟಿ ನಾಲ್ಕೂ ಜನ ಅವತ್ತೇ ರಾಜೀನಾಮೆ. ಹಿಂಬಾಗಿಲ ಕಡೆ ಕಿಟಕಿ ಇರೋ ರೂಮಿನವ್ರು ಸಹಿ ಸಂಗ್ರಹ ಶುರು ಮಾಡಿದ್ರು, ಹೆಂಗೂ ಇರ್ಲಿ ಅಂತ ನಾನೂ ಒಂದು ಸಹಿ ಹಾಕ್ದೆ.

ಬಚಾವ್ ಮಾಡಿದ್ದು ಆ ಭೂಮಿ ಉಳಿಸೋ ಹುಡುಗಿ. "ಅಕ್ಕಾ, ಹಸೀದು ಮಾತ್ರ ಹಾಕಿದ್ರೆ ಗಾಳಿ ಆಡಲ್ಲ, ಕೊಳೆಯುತ್ತೆ. ಒಣಗಿದ್ದು ಬೇಕು, ಎಲೆ, ಕಾಗದ, ರಟ್ಟು. ನೈಟ್ರೋಜನ್ ಒಂದು ಪಾಲಿಗೆ ಕಾರ್ಬನ್ ಸುಮಾರು ಮೂವತ್ತು ಪಾಲು ಇರ್ಬೇಕು" ಅಂದ್ಳು. ಅಷ್ಟೊಂದು ಒಣ ಕಾಗದ ಎಲ್ಲಿಂದ ತರೋದಮ್ಮಾ ಅಂತ ಕೇಳಿದೆ. ಅವ್ಳು ಏನೂ ಮಾತಾಡ್ದೆ ಗೋಡೆ ನೋಡಿದ್ಳು. ನಾನೂ ಗೋಡೆ ನೋಡಿದೆ.

ಅವತ್ತು ಸಂಜೆ ಇಬ್ರೂ ಕೂತು ಕಾಗದ ಉಳಿಸಿ, ನೀರು ಉಳಿಸಿ, ಕರೆಂಟ್ ಉಳಿಸಿ ಎಲ್ಲಾನೂ ಉದ್ದುದ್ದಕ್ಕೆ ಹರಿದು ಡ್ರಮ್ಮಿಗೆ ಸುರಿದ್ವಿ, ಕೋಲು ಹಾಕಿ ಕಲೆಸಿದ್ವಿ, ಮೀಸೆಯ ನಗೋ ಮುಖಾನೂ ಹೋಯ್ತು. ವಾಸನೆ ನಾಲ್ಕೈದು ದಿನಕ್ಕೆ ಇಳೀತು, ನೊಣಾನೂ ಕಮ್ಮಿ ಆಯ್ತು. ಬಾತ್‌ರೂಮಿನ ಲ್ಯಾಮಿನೇಟೆಡ್ ಪೋಸ್ಟರ್‌ಗಳನ್ನ ಮಾತ್ರ ಹಾಕೋ ಹಂಗಿಲ್ಲ ಅಂತ ಬೇರೆ ಎತ್ತಿಟ್ವಿ. ಎತ್ತಿಟ್ವಿ ಅಂದ್ಕೊಂಡಿದ್ವಿ.

ಮೂರು ತಿಂಗಳಾದ್ಮೇಲೆ ಗೊಬ್ಬರ ಜರಡಿ ಹಿಡಿಯೋ ದಿನ ಮೇಡಂನೂ ಬಂದಿದ್ರು, ಫೋಟೋ ತೆಗೆಯಕ್ಕೆ ಒಬ್ರು ಬೇರೆ. ಕಪ್ಪಗೆ ಪುಡಿಪುಡಿಯಾಗಿ ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ, ಇನ್ನೂರು ಪೋಸ್ಟರಲ್ಲಿ ಒಂದು ಅಕ್ಷರ ಉಳಿದಿಲ್ಲ. ಮೇಡಂ ಖುಷಿಯಿಂದ ಎರಡೂ ಕೈ ಹಾಕಿ ಬೊಗಸೆ ತುಂಬ ಎತ್ತಿದ್ರು, ಫೋಟೋದವ್ರು ಹತ್ರ ಬಂದ್ರು, ಮೇಡಂ ಬೆರಳ ಸಂದಿಯಿಂದ ಏನೋ ಮಿರಮಿರ ಅಂತ ಇಣುಕ್ತು. ಎಳೆದು ನೋಡಿದ್ರೆ ಒಂದು ತುಂಡು, ನಿನ್ನೆ ಮೊನ್ನೆ ಅಂಗಡಿಯಿಂದ ತಂದಷ್ಟು ಫಳಫಳ ಹೊಳೀತಿತ್ತು. ಮೇಲೆ ದಪ್ಪಕ್ಷರದಲ್ಲಿ, "ಪ್ಲಾಸ್ಟಿಕ್ ಬೇ".